ಚೆಂಡುಹೂವಿನ ಮಾಲೆ ತೊಟ್ಟ ಬಾಟಲಿ ರಾಕೆಟ್ಟು

ಮುಗಿಲೆಂಬ ಮಹಾಚಪ್ಪರವನ್ನು ಕಂಬವಿಲ್ಲದೆ ನಿಲ್ಲಿಸಿದವನೇ, ಗಾಳಿಯನ್ನು ಯಾರ ಕಣ್ಣಿಗೂ ಕಾಣದಂತೆ ಬಚ್ಚಿಟ್ಟು ಸೈಕಲ್ ಪಂಪಿಗೆ ಮಾತ್ರ ಅದರ ಗುಟ್ಟು ಹೇಳಿಕೊಟ್ಟವನೇ, ಬಂದು ಈ ಕಥನಕಾರನ ನಾಲಗೆಯ ಮೇಲೆ ಒಂದು ಗಳಿಗೆ ಕೂತು ಹೋಗು. ಹೆಚ್ಚು ಹೊತ್ತು ಬೇಡ, ಬಿಸಿಯೂಟದ ಗಂಟೆಯೊಳಗೆ ಯುದ್ಧ ಮುಗಿಯಬೇಕಾಗಿದೆ.

ಸಾಮ್ರಾಜ್ಯಗಳೆಲ್ಲ ಅಳಿದು, ರಾಜಾಧಿರಾಜರೆಲ್ಲ ಐದು ಅಂಕದ ಪ್ರಶ್ನೆಗಳಾಗಿ ಉಳಿದುಕೊಂಡ ಯುಗವದು. ಆ ಯುಗದಲ್ಲಿ, ಹಾಲಮಾವಿನಕೊಪ್ಪವೆಂಬ ಊರಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಏಳನೆಯ ತರಗತಿಯಲ್ಲಿ, ಕಿಟಕಿ ಪಕ್ಕದ ಬೆಂಚನ್ನು ಆಳುತ್ತಿದ್ದಳು ರಿಬ್ಬನ್‌ಬದ್ಧವೇಣಿ, ಮಸಿಲಿಪ್ತಹಸ್ತೆ, ಪ್ರಶ್ನಶತವರ್ಷಿಣಿ ಕಸ್ತೂರೆವ್ವ ಬಾರಕೇರ. ಡಿಕ್ಟೇಶನ್ ಬರೆಯುವಾಗ ಒತ್ತಕ್ಷರಗಳು ಅವಳನ್ನು ಕಂಡೊಡನೆ ಸಾಲು ಬಿಟ್ಟು ಓಡುತ್ತಿದ್ದವು. ‘ದಡ್ಡಿ’ ಎಂಬ ಬಿರುದು ಮೂರನೆಯ ತರಗತಿಯಿಂದ ಅವಳ ಬೆನ್ನಿಗಂಟಿತ್ತು.

ಹೀಗಿರಲು ವಿಜ್ಞಾನ ಕಲಿಸಲು ಬಂದರು ಅತಿಥಿ ಶಿಕ್ಷಕಿ ನಸೀಮಾ ಟೀಚರ್. ಸೂರ್ಯನನ್ನು ಕುಂಬಳಕಾಯಿ ಮಾಡಿ ಮೈದಾನದ ನಡುವೆ ಕೂರಿಸಿದರು, ಭೂಮಿಯನ್ನು ಸಾಸಿವೆ ಕಾಳು ಮಾಡಿ ಕಸ್ತೂರೆವ್ವನ ಅಂಗೈಯಲ್ಲಿಟ್ಟು ದೂರ ಓಡಿಸಿದರು. ದಾರದ ಮೇಲೆ ಬಲೂನು ಹಾರಿಸಿ, ಗಾಳಿ ಹಿಂದಕ್ಕೆ ನುಗ್ಗಿದರೆ ಬಲೂನು ಮುಂದಕ್ಕೆ ನುಗ್ಗುತ್ತದೆಂದು ತೋರಿಸಿದರು. ಅದು ಏಕೆಂದು ಕೇಳಿದಾಗ ಮೊದಲು ಮೇಲೆದ್ದದ್ದು ಕಸ್ತೂರೆವ್ವನ ಕೈ. ಅಂದಿನಿಂದ ಅವಳು ಶಾಲೆಗೆ ಓಡಿ ಬರತೊಡಗಿದಳು. ಆ ತರಗತಿ ನಿಂತುಹೋದರೆ ತನಗೆ ಶಾಲೆಯೇ ಇಲ್ಲವೆಂಬುದು ಅವಳಿಗೆ ಖಾತ್ರಿಯಾಗಿತ್ತು.

ಆದರೆ ವೀರಗಾಥೆ ಅಂದಮೇಲೆ ಎದುರಾಳಿ ಬೇಕಲ್ಲ. ಶ್ವೇತಸಫಾರಿಶೋಭಿತ, ಡಿಕ್ಟೇಶನ್‌ಸಾರ್ವಭೌಮ, ಮೌನಪ್ರಿಯ ಮುಖ್ಯೋಪಾಧ್ಯಾಯ ಗುರುಸಿದ್ದಪ್ಪ ಅಂಗಡಿಯವರು ಒಂದು ದಿನ ಬಾಗಿಲಲ್ಲಿ ಪ್ರತ್ಯಕ್ಷರಾದ ಮುಹೂರ್ತದಲ್ಲೇ ಬಲೂನೊಂದು ದಾರ ತಪ್ಪಿಸಿಕೊಂಡು, ಅಸಭ್ಯವಾದ ಸದ್ದು ಮಾಡುತ್ತ ಹೋಗಿ ಅವರ ಕನ್ನಡಕದ ಮೇಲೆ ಪ್ರಾಣಬಿಟ್ಟಿತು. ತರಗತಿ ನಗಲಿಲ್ಲ, ನಗು ತಡೆದು ಎಲ್ಲರ ಹೊಟ್ಟೆ ನೋಯಿತು. ಸರ್ ಅಲ್ಲೇ ಶಾಸನ ಹೊರಡಿಸಿದರು. ಟೀಚರು ಮಕ್ಕಳಿಂದ ಮಾಡಿಸುತ್ತಿರುವ ಆ ಬಾಟಲಿ ರಾಕೆಟ್ಟು ಶನಿವಾರ ತಮ್ಮ ಕಣ್ಣೆದುರು ಅಂಗಳದ ಬೇವಿನಮರ ದಾಟಿದರೆ ಸರಿ, ದಾಟದಿದ್ದರೆ ಸೋಮವಾರದಿಂದ ವಿಜ್ಞಾನದ ಅವಧಿಯೂ ಡಿಕ್ಟೇಶನ್.

ಶನಿವಾರ ಬಂತು. ಈಗ ಕೇಳಿರಿ ಆ ಮಹಾಸ್ತ್ರದ ವರ್ಣನೆಯನ್ನು: ತಂಪು ಪಾನೀಯದ ಖಾಲಿ ಬಾಟಲಿಯೇ ಒಡಲು, ಹಳೆಯ ಕ್ಯಾಲೆಂಡರಿನ ರಟ್ಟೇ ನಾಲ್ಕು ರೆಕ್ಕೆ, ಬಾಯಿಗೆ ಸೈಕಲ್ ವಾಲ್ವ್ ತೂರಿಸಿದ ಬಿರಡೆ. ಒಡಲಿನ ಮೂರರಲ್ಲೊಂದು ಪಾಲು ನೀರು ತುಂಬಿ, ತಲೆಕೆಳಗಾಗಿ ಕಟ್ಟಿಗೆಯ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪಂಪಿನಿಂದ ಗಾಳಿ ಒತ್ತಿದರೆ, ಬಿರಡೆ ಕಿತ್ತು ನೀರು ಕೆಳಗೆ, ಬಾಟಲಿ ಮೇಲೆ. ಪಂಪು ಹಿಡಿದ ಸಹಪಾಠಿ ಹನಮಂತನು, ಚಂದ್ರಮಂಡಲವನ್ನೇ ಪಂಕ್ಚರ್ ಮಾಡಿ ಬರುವಷ್ಟು ಬಲ ತನ್ನ ತೋಳಿನಲ್ಲಿದೆಯೆಂದೂ, ನಕ್ಷತ್ರಗಳು ಸ್ವಲ್ಪ ಸರಿದು ನಿಲ್ಲುವುದು ಕ್ಷೇಮವೆಂದೂ ಗರ್ಜಿಸಿದನು.

ಆಗ ಗುರುಸಿದ್ದಪ್ಪನವರು ಕೈಚೀಲ ಬಿಚ್ಚಿದರು. ಅದರಲ್ಲಿದ್ದವು ವಿಭೂತಿ, ಕುಂಕುಮ, ಊದಿನಕಡ್ಡಿ, ನಾಲ್ಕು ನಿಂಬೆಹಣ್ಣು ಮತ್ತು ಒಂದು ಚೆಂಡುಹೂವಿನ ಮಾಲೆ. ಎಷ್ಟೇ ಸಿಟ್ಟಿದ್ದರೂ, ಹೊಸ ಗಾಡಿಯೊಂದು ಪೂಜೆಯಿಲ್ಲದೆ ಹೊರಡುವುದು ಅವರ ಮನಸ್ಸಿಗೆ ಒಗ್ಗದು. ಗಾಲಿಗೊಂದರಂತೆ ಇಡಬೇಕಾದ ನಿಂಬೆಹಣ್ಣನ್ನು, ಗಾಲಿ ಕಾಣದ ಕಾರಣ ರೆಕ್ಕೆಗೊಂದರಂತೆ ಇಟ್ಟರು. ಬಾಟಲಿಯ ಹಣೆ ಯಾವುದೆಂದು ಎರಡು ಸುತ್ತು ಹುಡುಕಿ ವಿಭೂತಿ ಎಳೆದರು. ಕೊನೆಗೆ ಮಾಲೆಯನ್ನು ಬಾಟಲಿಗೆ ತೊಡಿಸಿ, ಗಾಳಿಗೆ ಜಾರಬಾರದೆಂದು ಅದರ ಎರಡೂ ತುದಿಗಳನ್ನು ಸ್ಟ್ಯಾಂಡಿಗೆ ಬಿಗಿಯಾಗಿ ಗಂಟು ಹಾಕಿದರು. ಲಾರಿಯ ಮೂತಿಗೆ ಕಟ್ಟುವುದೂ ಹೀಗೆಯೇ. ಆದರೆ ಲಾರಿ ತನ್ನ ಮೂತಿಯನ್ನೂ ಜೊತೆಗೇ ಒಯ್ಯುತ್ತದೆ.

ನಸೀಮಾ ಟೀಚರ್ ಬಾಯಿ ತೆರೆದು, ಮತ್ತೆ ಮುಚ್ಚಿದರು. ಅತಿಥಿ ಶಿಕ್ಷಕಿಯ ಮುಂದಿನ ವರ್ಷ ಮುಖ್ಯೋಪಾಧ್ಯಾಯರ ಒಂದು ಸಹಿಯಲ್ಲಿರುತ್ತದೆ, ಪಾಪ.

ಹನಮಂತ ಒತ್ತಿದನು, ಒತ್ತಿದನು, ಕಣ್ಣು ಮೇಲಾಗುವಂತೆ ಒತ್ತಿದನು. ಬಿರಡೆ ಸಿಡಿಯಿತು. ಮಹಾಸ್ತ್ರವು ಗೇಣುದ್ದ ಎದ್ದು, ಮಾಲೆಯ ಕುಣಿಕೆಗೆ ಸಿಕ್ಕಿ, ಹಗ್ಗಕ್ಕೆ ಕಟ್ಟಿದ ಹೋರಿಗರುವಿನ ಹಾಗೆ ಸ್ಟ್ಯಾಂಡನ್ನು ಸುತ್ತತೊಡಗಿ, ಒಡಲೊಳಗಿನ ಸಮಸ್ತ ಜಲವನ್ನೂ ಶ್ವೇತಸಫಾರಿಯ ಮೇಲೆ ಸುರಿದು ನೆಲಕ್ಕೊರಗಿತು. ಇಂಥ ಹೊತ್ತಿನಲ್ಲಿ ದೇವತೆಗಳು ಪುಷ್ಪವೃಷ್ಟಿ ಮಾಡುವ ವಾಡಿಕೆಯಿದೆ. ಇಲ್ಲಿ ಚೆಂಡುಹೂವಿನ ಎಸಳುಗಳು ತಾವಾಗಿಯೇ ಹಾರಿ ಬಂದು ಸರ್ ಅವರ ಒದ್ದೆ ಕೆನ್ನೆಗೆ ಅಂಟಿಕೊಂಡವು.

“ಆತಲ್ಲ,” ಎಂದರು ಗುರುಸಿದ್ದಪ್ಪನವರು ಕನ್ನಡಕ ಒರೆಸುತ್ತ. “ಸೋಮವಾರದಿಂದ ಡಿಕ್ಟೇಶನ್.”

ಕಾರಣ ಎಲ್ಲರಿಗೂ ಗೊತ್ತಿತ್ತು. ಇಡೀ ಶಾಲೆ ಗಂಟನ್ನೇ ನೋಡುತ್ತಿತ್ತು. ಹೇಳುವ ಬಾಯಿ ಮಾತ್ರ ಒಂದೂ ಇರಲಿಲ್ಲ. ಹನಮಂತನಂತೂ ಪಂಪನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಕ್ಷತ್ರಗಳ ಹಿಂದೆ ಸರಿದಿದ್ದ.

ಆಗ ಮುಂದೆ ಬಂದಳು ರಿಬ್ಬನ್‌ಬದ್ಧವೇಣಿ. ‘ಎಲೈ ಕುಸುಮಪಾಶಪ್ರಯೋಗಚತುರನೇ, ಗಗನಗಾಮಿಯಾದ ನಮ್ಮ ಅಸ್ತ್ರವನ್ನು ಭೂಮಿಗೆ ಬಿಗಿದವನು ನೀನೇ ಅಲ್ಲವೇ’ ಎಂದು ಅವಳು ಗುಡುಗಿದಳೆಂದು ಬರೆಯಲು ನನಗೆ ಬಹಳ ಆಸೆ. ನಿಜವಾಗಿ ಅವಳು ಆಡಿದ್ದು ಇಷ್ಟೇ:

“ಸರ್, ನೀವ್ ಕಟ್ಟಿದ ಮಾಲಿ ಹಿಡದ ಜಗ್ಗೇತ್ರಿ.”

“ಅಂದ್ರ ತಪ್ಪು ನಂದೇನು?”

ಕಸ್ತೂರೆವ್ವ ಟೀಚರ ಮುಖ ನೋಡಿದಳು. ಅವರು ನೆಲ ನೋಡುತ್ತಿದ್ದರು. “ಹೌದ್ರಿ,” ಎಂದಳು. “ನೀರು ಕೆಳಗ ಒತ್ತಿದ್ರ ಅದು ಮ್ಯಾಲ ಹೋಗಬೇಕ್ರಿ. ಹೋಗಾಕ ನೀವ್ ಬಿಡ್ಲಿಲ್ರಿ. ಪೂಜಿ ಇರ್ಲಿ, ಗಂಟ ಬಿಚ್ಚ್ರಿ.”

ಅಂಗಳದಲ್ಲಿ ಉಸಿರು ನಿಂತಿತು. ಹೇಳುತ್ತಿರುವ ನನ್ನದೂ ನಿಂತಿತ್ತು. ಸಾರ್ವಭೌಮರು ಹುಡುಗಿಯನ್ನು ನೋಡಿದರು, ಗಂಟನ್ನು ನೋಡಿದರು. ಆಮೇಲೆ ಒದ್ದೆ ಪ್ಯಾಂಟು ಮೇಲೆಳೆದುಕೊಂಡು ಸ್ಟ್ಯಾಂಡಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ನೀರು ಕುಡಿದ ಗಂಟು ಉಗುರಿಗೆ ಬರಲಿಲ್ಲ. ಹಲ್ಲಿನಿಂದ ಕಚ್ಚಿ ಬಿಚ್ಚಿದರು.

ಎರಡನೆಯ ಸಲ ನೀರಳೆದು ತುಂಬಿದವಳು ಕಸ್ತೂರೆವ್ವನೇ. ಹನಮಂತನಿಗೆ ಈ ಬಾರಿ ಗರ್ಜಿಸಲು ಬಿಡುವಿರಲಿಲ್ಲ. ಬುಸ್ಸೆಂದಿತು ಬಾಟಲಿ. ಕಾಗೆಗಳನ್ನು ಚದುರಿಸಿ, ಬೇವಿನ ನೆತ್ತಿ ದಾಟಿ, ಬಿಸಿಲಿನಲ್ಲಿ ಫಳಫಳ ಹೊಳೆದು, ಅಡುಗೆಕೋಣೆಯ ತಗಡಿನ ಮೇಲೆ ಢಣ್ಣೆಂದು ಇಳಿಯಿತು. ಮಕ್ಕಳು ಕುಣಿಯುತ್ತ ಪಂಪಿನ ಮುಂದೆ ಸಾಲುಗಟ್ಟಿದರು, ನಸೀಮಾ ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಸ್ತೂರೆವ್ವನಿಗೆ ಖುಷಿಯಲ್ಲಿ ಅಳು ಬಂದು, ನಗು ಬಂದು, ಬಿಕ್ಕಳಿಕೆ ಹತ್ತಿತು. ಗುರುಸಿದ್ದಪ್ಪನವರ ತೆರೆದ ಬಾಯಲ್ಲಿ ಹೂವಿನ ಎಸಳೊಂದು ಹಾಗೇ ಉಳಿದಿತ್ತು.

ಅದನ್ನು ಉಗಿದು ಅವರು ಕೈಚಾಚಿದರು. “ಹನಮಂತಾ, ಇತ್ತ ಕೊಡ ಆ ಪಂಪ.”

“ಪಾಳಿ ಐತ್ರಿ ಸರ್,” ಎಂದಳು ಕಸ್ತೂರೆವ್ವ, ಬಿಕ್ಕಳಿಸುತ್ತಲೇ. “ಹಿಂದ ನಿಲ್ರಿ.”

ಡಿಕ್ಟೇಶನ್‌ಸಾರ್ವಭೌಮರು ಸಾಲಿನುದ್ದಕ್ಕೂ ಕಣ್ಣಾಡಿಸಿ, ಸುಮ್ಮನೆ ನಡೆದು, ಎಲ್ಲಕ್ಕೂ ಕೊನೆಯಲ್ಲಿ, ಎರಡನೆಯ ತರಗತಿಯ ಒಂದು ಪುಟ್ಟಿಯ ಹಿಂದೆ ನಿಂತರು. ಸ್ವಲ್ಪ ಹೊತ್ತಾದ ಮೇಲೆ ತಡೆಯಲಾರದೆ ಬಗ್ಗಿ, ಅವಳ ಕಿವಿಯಲ್ಲಿ ಕೇಳಿದರು:

“ನಿಂದಾದ ಮ್ಯಾಲ ನಂದ, ಹೌದಿಲ್ಲ?”