ಬೇಕಂತಲೇ ಬರೆದ ತಪ್ಪು

ನನ್ನ ಪುಸ್ತಕವನ್ನು ಈಗ ಎಲ್ಲರೂ ಹೊಗಳುತ್ತಾರೆ. ಇದಕ್ಕಿಂತ ದೊಡ್ಡ ದುಃಖ ಸದ್ಯಕ್ಕೆ ನನ್ನ ಪಾಲಿಗೆ ಬೇರೆ ಇಲ್ಲ. ಅದು ಬರೆದು ಮುಗಿದ ಪುಸ್ತಕವೂ ಅಲ್ಲ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಹೊಲಗಳಲ್ಲಿ ಮೂವತ್ತು ವರ್ಷ ಸರಕಾರಿ ಭೂಮಾಪಕನಾಗಿ ಅಳತೆಯ ಸರಪಳಿ ಎಳೆದು ನಿವೃತ್ತನಾದ ಮೇಲೆ, ಸವಣೂರಿನ ವೀಳ್ಯದೆಲೆ ತೋಟಗಳ ಬಗ್ಗೆ ಬರೆಯುವ ಹುಚ್ಚು ಹಿಡಿಯಿತು. ಪ್ರಕಾಶಕರ ಉತ್ತರ ಕಾಯುವಷ್ಟು ಆಯುಷ್ಯ ಉಳಿದಿದೆಯೋ ಇಲ್ಲವೋ ಎಂದು ನಾನೇ ಪ್ರಕಾಶಕನೂ ಆದೆ. ಮಗಳು ಉಪಾಯ ಹೇಳಿಕೊಟ್ಟಳು. ಒಂದೊಂದು ಅಧ್ಯಾಯ ಮುಗಿದ ಹಾಗೆ ಅಂತರ್ಜಾಲಕ್ಕೆ ಏರಿಸುವುದು, ವಾಟ್ಸಾಪ್ ಗುಂಪಿನಲ್ಲಿ ಓದುಗರ ಅಭಿಪ್ರಾಯ ಕೇಳುವುದು, ತಿದ್ದಿ ಮತ್ತೆ ಏರಿಸುವುದು. ನನ್ನ ಹೆಂಡತಿ ಇದನ್ನು ಕೇಳಿ, "ಕುದಿಯಾಕತ್ತ ಸಾರನ್ನ ಊರ ಮಂದಿಗೆಲ್ಲಾ ಉಪ್ಪು ನೋಡಾಕ ಕೊಟ್ರ, ಕಡೀಕ ಉಣ್ಣಾಕ ಏನ ಉಳಿತೈತಿ?" ಎಂದಳು. ಅವಳ ಅಭಿಪ್ರಾಯವನ್ನು ಮಾತ್ರ ನಾನು ಕೇಳಿರಲಿಲ್ಲ.

ಗುಂಪಿನಲ್ಲಿ ನಲವತ್ತು ಜನ. ಅಕ್ಕಿಆಲೂರಿನ ಗಿರಣಿಯ ಮಾಲೀಕರೊಬ್ಬರು ಪ್ರತಿ ಅಧ್ಯಾಯಕ್ಕೂ, "ಅಕ್ಕಿ ಬಗ್ಗೆ ಯಾವಾಗ ಬರೀತೀರಿ?" ಎಂದು ಕೇಳುತ್ತಾರೆ. ಹಿರೇಕೆರೂರಿನ ನಿವೃತ್ತ ಶಿಕ್ಷಕಿಯೊಬ್ಬರು ನಾನು ಕಳಿಸಿದ ಅರ್ಧ ನಿಮಿಷಕ್ಕೆ ಮುಗಿದ ಕೈಗಳ ಚಿತ್ರ ಕಳಿಸುತ್ತಾರೆ. ಅಷ್ಟರಲ್ಲಿ ಅಧ್ಯಾಯ ತೆರೆದುಕೊಳ್ಳುವುದೂ ಇಲ್ಲ. ನಿಜವಾಗಿ ಓದುತ್ತಿದ್ದವರು ಒಬ್ಬರೇ, ಮಕ್ತುಮಸಾಬರು. ಸವಣೂರಿನಲ್ಲಿ ಎಲೆತೋಟ ಇಟ್ಟುಕೊಂಡ, ಎಪ್ಪತ್ತು ದಾಟಿದ ಮನುಷ್ಯ. ಮೊಮ್ಮಗಳಿಂದ ಓದಿಸಿ, ಕೇಳಿ, ಸಂಜೆಯೊಳಗೆ ಧ್ವನಿ ಸಂದೇಶ ಕಳಿಸುತ್ತಿದ್ದರು. "ಸಾಹೇಬ್ರ, ಮೂರನೇ ಪುಟದಾಗ ನಮ್ಮ ಬಾವಿ ಪಡುವಲಕ್ಕ ಒಯ್ದೀರಿ. ಅದು ಮೂಡಲಕ್ಕ ಐತ್ರಿ." ಜನ್ಮವಿಡೀ ದಿಕ್ಕು ಹಿಡಿದು ಅಳೆದವನಿಗೆ ಈ ಮಾತು! ಮರುದಿನ, ಎತ್ತರಕ್ಕೆ ಹಬ್ಬಿದ ಬಳ್ಳಿಯನ್ನು ಇಳಿಸಿ ಮಣ್ಣಿಗೆ ಹೂಳುವ ಕ್ರಮ ತಪ್ಪಿದೆ ಎಂದರು. ಅದರ ಮರುದಿನ, ತಮ್ಮ ತಂದೆ ತೀರಿಕೊಂಡು ಎಷ್ಟೋ ವರ್ಷವಾದ ಮೇಲೂ ನಾನು ಪುಸ್ತಕದಲ್ಲಿ ಆ ತಂದೆಯಿಂದ ಬಳ್ಳಿ ನೆಡಿಸಿದ್ದೇನೆ ಎಂದರು. ಮೂರೂ ಸಲ ಅವರೇ ಸರಿ. ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಗುಂಪಿನಲ್ಲಿ ಎಲ್ಲರೆದುರು, "ಮಕ್ತುಮಸಾಬ್ರ, ಪುಸ್ತಕ ನಾನು ಬರೀಲೋ, ನೀವ ಬರೀತೀರೋ?" ಎಂದು ಕೇಳಿಬಿಟ್ಟೆ. ಗಿರಣಿಯವರು ನಗುವ ಮುಖ ಕಳಿಸಿದರು. ಮಕ್ತುಮಸಾಬರು, "ನೀವ ಬರೀರಿ ಸಾಹೇಬ್ರ" ಎಂದರು.

ಅಲ್ಲಿಂದ ಮುಂದೆ ಪ್ರತಿ ಅಧ್ಯಾಯಕ್ಕೂ ಅವರದು ಒಂದೇ ಮಾತು, "ಚಲೋ ಐತ್ರಿ." ಮೊದಲೆರಡು ಸಲ ಗೆದ್ದೆನೆಂದುಕೊಂಡೆ. ಮೂರನೆಯದನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಈ ಮನುಷ್ಯ ತಿದ್ದದೆ ಹೋದರೆ ನನ್ನ ಪುಸ್ತಕದಲ್ಲಿ ಯಾವುದು ಖರೆ, ಯಾವುದು ಸುಳ್ಳು ಎಂದು ನನಗೇ ಗೊತ್ತಾಗುವುದಿಲ್ಲ. ಕ್ಷಮೆ ಕೇಳಬಹುದಿತ್ತು. ಆದರೆ ನಾನು ನೌಕರಿ ಮಾಡಿ ಬಂದವನು, ಅದಕ್ಕೆ ಒಳದಾರಿ ಹುಡುಕಿದೆ. ಏಳನೇ ಅಧ್ಯಾಯದಲ್ಲಿ, 'ಬೇಸಿಗೆಯಲ್ಲಿ ಬಳ್ಳಿಗೆ ಚೆನ್ನಾಗಿ ಬಿಸಿಲು ತಾಗಲೆಂದು ನೆರಳಿನ ಗಿಡಗಳನ್ನೆಲ್ಲ ಕಡಿಯುತ್ತಾರೆ' ಎಂದು ಬೇಕಂತಲೇ ಬರೆದೆ. ನೆರಳು ತೆಗೆದರೆ ಬಳ್ಳಿ ಒಣಗಿ ಹೋಗುತ್ತದೆಂದು ಸವಣೂರಿನ ಕೂಸಿಗೂ ಗೊತ್ತು. ಇದನ್ನು ಕೇಳಿ ಮಕ್ತುಮಸಾಬರು ಸುಮ್ಮನಿರಲಾರರು ಎಂದು ಫೋನ್ ಹಿಡಿದು ಕೂತೆ. ಮೂವತ್ತೊಂದು ಜನ ಕೈ ಮುಗಿದರು. ಮಕ್ತುಮಸಾಬರು, "ಚಲೋ ಐತ್ರಿ" ಎಂದರು.

ಮರುದಿನವೇ ಸವಣೂರಿನ ಬಸ್ಸು ಹತ್ತಿದೆ. ತೋಟದಲ್ಲಿ ಎಲೆ ಕಟ್ಟುತ್ತ ಕೂತಿದ್ದರು. "ಬರ್ರಿ ಸಾಹೇಬ್ರ, ಕುಂದರ್ರಿ" ಎಂದು ಚಹಾ ತರಿಸಿದರು. ಸ್ವಲ್ಪ ಹೊತ್ತು ಮಳೆಯ ಮಾತಾಡಿ, ಕೊನೆಗೆ ನಾನೇ ತಡೆಯಲಾರದೆ ಕೇಳಿದೆ.

"ಏಳನೇ ಅಧ್ಯಾಯದಾಗ ನಿಮಗ ಏನೂ ಕಾಣಲಿಲ್ಲೇನ್ರಿ?"

"ಕಂಡ್ವರಿ. ನಾಕು ತಪ್ಪು ಅದಾವು." ಕೈಯೊಳಗಿನ ಎಲೆಗಳನ್ನು ಜೋಡಿಸುತ್ತ ಹೇಳಿದರು. "ನೆರಳಿಂದು ನೀವು ಬೇಕಂತ ಹಾಕೀರಿ, ತಿಳೀತು. ಉಳಿದ ಮೂರೂ ಬೇಕಂತನ ಏನ್ರಿ?"

ಉಳಿದ ಮೂರು ಯಾವುವೆಂದು ನನಗೆ ಗೊತ್ತಿರಲಿಲ್ಲ. ಒಂದೇ ಒಂದು 'ಇಲ್ಲ' ಸಾಕಾಗಿತ್ತು. ಅದಕ್ಕೇ ಅಲ್ಲವೇ ಬಸ್ಸು ಹತ್ತಿ ಬಂದದ್ದು. ಆದರೆ ನನ್ನ ಬಾಯಿಂದ ಹೊರಟದ್ದು, "ಹೌದ್ರಿ, ಎಲ್ಲಾ ಬೇಕಂತನ."

"ಹಂಗಾದ್ರ ನಾ ಹೇಳೂದು ಏನೂ ಉಳಿಲಿಲ್ಲ ಬಿಡ್ರಿ" ಎಂದು ಮಕ್ತುಮಸಾಬರು ಮನೆಗೆಂದು ಒಂದು ಕಟ್ಟು ಎಲೆ ಕೊಟ್ಟು, ಬಸ್ಸಿನವರೆಗೂ ಬಂದು ಕಳಿಸಿದರು.

"ಗೊತ್ತಿಲ್ಲ ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಹೆಂಡತಿ ಕೇಳಿದಳು. ಏಳನೇ ಅಧ್ಯಾಯವನ್ನು ದಿನಕ್ಕೆರಡು ಸಲ ಓದುತ್ತೇನೆ. ನೆರಳಿನದನ್ನು ತಿದ್ದಿದ್ದೇನೆ. ಉಳಿದ ಮೂರು ತಪ್ಪು ಇನ್ನೂ ಸಿಕ್ಕಿಲ್ಲ. ತಿದ್ದಿದ ಪ್ರತಿಯನ್ನು ಮೊನ್ನೆ ಗುಂಪಿಗೆ ಕಳಿಸಿದೆ. ಅರ್ಧ ನಿಮಿಷಕ್ಕೆ ಹಿರೇಕೆರೂರಿನಿಂದ ಮುಗಿದ ಕೈಗಳು ಬಂದವು.