ಧೀರೇಂದ್ರ ಕಾರು ಸಂಘ ಸೇರಿದ್ದು

ಕಾರು ಕೊಂಡಾಗಿನಿಂದ ಧೀರೇಂದ್ರ ನಡೆದೇ ಓಡಾಡುತ್ತಿದ್ದ. ಕಾರು ಮಾತ್ರ ಸೇಡಂನ ಆ ಓಣಿಯವರ ಮದುವೆ, ಮುಂಜಿ, ಬಾಣಂತನಗಳಿಗೆಲ್ಲ ತಪ್ಪದೆ ಹೋಗಿ ಬರುತ್ತಿತ್ತು. ಇಲ್ಲ ಅನ್ನಲು ಎದೆಯಿಲ್ಲ, ಕೊಟ್ಟ ಮೇಲೆ ರಾತ್ರಿಯಿಡೀ ಹೊಟ್ಟೆಯುರಿ. ಹೆಸರೇನೋ ಧೀರೇಂದ್ರ.

ಈ ಉರಿಗೆ ಮದ್ದು ಸಿಕ್ಕಿದ್ದು ಊರಿನ ಕಾರು ಮಾಲೀಕರ ಸಂಘದಲ್ಲಿ. ಆ ಸಂಘದ ಘನಕಾರ್ಯ ಒಂದೇ: ಮೈದಾನದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಊರಿನ ಸಿಮೆಂಟ್ ಕಾರ್ಖಾನೆಯ ಧೂಳು ಒರೆಸಿ, ಬಾನೆಟ್ಟಿಗೆ ಒರಗಿ ಫೋಟೊ ತೆಗೆಸಿಕೊಳ್ಳುವುದು. ಕೆಲವರ ಕಾರು ಮೈದಾನದವರೆಗೆ ಬರುವುದೂ ತಳ್ಳಿಸಿಕೊಂಡೇ. ಆದರೂ ಸಂಘಕ್ಕೊಂದು ಚಿನ್ನದಂಥ ನಿಯಮವಿತ್ತು: ಸದಸ್ಯರ ಕಾರು ಸದಸ್ಯರಿಗಷ್ಟೇ. ಧೀರೇಂದ್ರ ಓಡಿಹೋಗಿ ಸೇರಿದ. ಆ ನಿಯಮ ಬರೆದಿದ್ದ ಸ್ಟಿಕ್ಕರನ್ನು ಗೋಪೀಚಂದನದ ಮುದ್ರೆ ಹಚ್ಚಿಕೊಳ್ಳುವಷ್ಟು ಭಕ್ತಿಯಿಂದ ಮುಂದಿನ ಗಾಜಿಗೆ ಅಂಟಿಸಿದ.

ಮರುದಿನ ಚಿತ್ತಾಪುರದಲ್ಲಿ ಷಡ್ಡಕ ಉದಯಕುಮಾರನ ಹೊಸ ಮನೆಯ ಗೃಹಪ್ರವೇಶ. "ಏನಪ, ಈ ಸಲಾನೂ ಬಸ್ಸಿಗೇ ಬಂದ್ಯಾ?" ಎಂದು ನಾಲ್ಕು ಜನರೆದುರು ಕೇಳುವುದು ಆ ಮನುಷ್ಯನ ಚಟ. ಒಮ್ಮೆಯಾದರೂ ಅವನ ಬಾಗಿಲಲ್ಲಿ ಸ್ವಂತ ಕಾರಿನಿಂದ ಇಳಿಯಬೇಕು. ಧೀರೇಂದ್ರನಿಗೆ ಬದುಕಿನಲ್ಲಿ ಬೇರೆ ಆಸೆ ಉಳಿದಿರಲಿಲ್ಲ.

ಬೆಳಿಗ್ಗೆ ಹೆಂಡತಿ ಪ್ರಮಿತಾ ರೇಷ್ಮೆ ಸೀರೆಯುಟ್ಟು ಹೊರಬರುವಷ್ಟರಲ್ಲಿ ಪಕ್ಕದ ಮನೆಯ ಬಿಬಿಜಾನ್, ತನ್ನ ಅಂಗಳದ ಹಳೇ ಅಂಬಾಸಡರ್ ಕಾರಿನಿಂದ ಕೋಳಿಗಳನ್ನು ಹೊರಗಟ್ಟಿ, ಕೈ ಒರೆಸಿಕೊಳ್ಳುತ್ತ ಬಂದಳು. ಗಂಡ ಬಾಡಿಗೆಗೆ ಓಡಿಸುತ್ತಿದ್ದ ಆ ಕಾರು ಅವನು ತೀರಿಕೊಂಡ ಮೇಲೆ ಗಾಲಿ ಕಳಚಿಕೊಂಡು ಶಹಾಬಾದಿ ಕಲ್ಲುಗಳ ಮೇಲೆ ನಿಂತಿತ್ತು.

"ಸಾಬ್, ಮೊಮ್ಮಗಳನ್ನ ನೋಡ್ಲಾಕ ಬೀಗರು ಬರ್ಲಿಕತ್ಯಾರ. ನಾಲವಾರ ಟೇಶನ್ನಿಂದ ಕರ್ಕೊಂಡ್ ಬರಬೇಕು. ಕಾರ್ ಕೊಡ್ರಿ."

ಜನ್ಮದಲ್ಲಿ ಮೊದಲ ಸಲ ಧೀರೇಂದ್ರ ಇಲ್ಲ ಎಂದ. ಗಾಜಿನ ಮೇಲೆ ಬೆರಳಿಟ್ಟು, "ನಂದೇನಿಲ್ರಿ ಅಮ್ಮಾ, ಸಂಘದ ಕಾನೂನು. ಸದಸ್ಯರಿಗಷ್ಟೇ ಕೊಡ್ಲಾಕ ಬರ್ತದ," ಎಂದ.

"ಸದಸ್ಯ ಅಂದ್ರ ಯಾರ್ರಿ?"

"ಕಾರ್ ಇದ್ದೋರು."

ಬಿಬಿಜಾನ್ ಸೆರಗು ಸರಿಮಾಡಿಕೊಂಡು ಓಣಿಯಾಚೆ ನಡೆದಳು. ಧೀರೇಂದ್ರನಿಗೆ ಇಲ್ಲ ಅನ್ನುವ ರುಚಿ ಹತ್ತಿಬಿಟ್ಟಿತು. ಎದುರುಮನೆಯ ಸಾಯಬಣ್ಣ ಬಂದಾಗ ಅವನು ಬಾಯಿ ತೆರೆಯುವ ಮೊದಲೇ, "ಕಾರ್ ಕೊಡಂಗಿಲ್ಲ," ಅಂದ.

"ನಿನ್ನ ಕಾರ್ ಯಾರಿಗೆ ಬೇಕಾಗ್ಯದೋ ಮಾರಾಯ? ಹಿಂದಿನ ಗಾಲಿ ಕುಂತದ ಅಂತ ಹೇಳ್ಲಾಕ ಬಂದೀನಿ."

ಜರಿಯಂಚಿನ ಧೋತರ ಎತ್ತಿಕಟ್ಟಿ, ಬೆವರು ಸುರಿಸಿ, ಧೀರೇಂದ್ರ ಗಾಲಿ ಬದಲಿಸಿ ಮುಗಿಸಿದ. ತಲೆಯೆತ್ತಿದರೆ ಎದುರಿಗೆ ಶಾಲು ಹೊದ್ದ ಸಂಘದ ಅಧ್ಯಕ್ಷ ಸಿದ್ಧಲಿಂಗ, ಹಿಂದೆ ಬಿಬಿಜಾನ್.

"ಇವರೂ ಈಗ ನಮ್ಮ ಸದಸ್ಯರು," ಎಂದ ಅಧ್ಯಕ್ಷ. "ಚಾವಿ ಕೊಡ್ರಿ. ನಾನೇ ನಡಸ್ತೀನಿ. ಬೀಗರ ಜೋಡಿ ಊಟಕ್ಕೂ ಕರದಾರ."

"ಇವರ ಕಾರಿಗೆ ಗಾಲಿನೇ ಇಲ್ರಿ. ಅದು ಎಲ್ಲಿ ಓಡ್ತದ?"

"ಕಾರ್ ಇರಬೇಕು ಅಂತಷ್ಟೇ ಕಾನೂನು ಅದ. ಓಡಬೇಕು ಅಂತ ಸೇರಿಸಿದ್ರ ಅರ್ಧ ಸಂಘ ಖಾಲಿ ಆಗ್ತದ. ಮೊದಲು ನಾನೇ ಹೊರಗ."

ಧೀರೇಂದ್ರ ಚಾವಿ ಕೊಟ್ಟ. ಕೊಟ್ಟು ಅಭ್ಯಾಸವಿದ್ದ ಕೈ. ಆಮೇಲೆ ಅಳುವ ದನಿಯಲ್ಲಿ, "ನಾನೂ ಸದಸ್ಯನೇ ಅಲ್ಲೇನ್ರಿ? ನನಗ್ಯಾರು ಕಾರ್ ಕೊಡ್ತಾರ?" ಎಂದು ಕೇಳಿದ.

ಬಿಬಿಜಾನ್ ನಡುವಿಗೆ ಸಿಕ್ಕಿಸಿದ್ದ ತುಕ್ಕು ಹಿಡಿದ ಚಾವಿಯೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. "ತಗೊಳ್ರಿ ಸಾಬ್, ಕಾನೂನು ಅಂದ್ರ ಕಾನೂನೇ. ಹಿಂದಿನ ಸೀಟಿನ್ಯಾಗ ಒಂದು ಕೋಳಿ ಕಾವಿಗೆ ಕುಂತದ. ಬಾಗಲಾ ಮಾತ್ರ ಜೋರ್ ಹಾಕಬ್ಯಾಡ್ರಿ."

ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಚಿತ್ತಾಪುರದ ಬಸ್ಸಿನಿಂದ ಇಳಿದು ಧೂಳಿನಲ್ಲಿ ನಡೆದುಬಂದರು. ಉದಯಕುಮಾರ ಬಾಗಿಲಲ್ಲೇ ಕಾದಿದ್ದ, ಸುತ್ತಲೂ ಜನ.

"ಏನಪ, ಕಾರ್ ತರ್ತೀನಿ ಅಂದಿದ್ದಿ?"

ಧೀರೇಂದ್ರ ಮರ್ಯಾದೆ ಉಳಿಸಿಕೊಳ್ಳಲು ಜೇಬಿನಿಂದ ಆ ತುಕ್ಕು ಚಾವಿ ತೆಗೆದು ತೋರಿಸಿದ. ಮಾತಾಡಿದವಳು ಪ್ರಮಿತಾ.

"ಅದು ಈಗ ಬರಂಗಿಲ್ಲ ಭಾವ. ಕಾವಿಗೆ ಕುಂತದ."