ಕಟೇವ್ ಕೊಲ್ಲಿಯ ಅರವತ್ತಮೂರನೆಯ ತಟ್ಟೆಯ ಅಭಿಪ್ರಾಯ ಪಡೆಯುವ ಬಗ್ಗೆ

ಕಡಲ ಇಂಧನ ನಿಯಮಾವಳಿ ಹಾಗೂ ಮೂಲನಿವಾಸಿ ಸಮಾಲೋಚನಾ ಇಲಾಖೆ
ಅಟ್ಲಾಂಟಿಕ್ ತೀರ ವಿಭಾಗ

ಸಂಖ್ಯೆ: ಕಇನಿ/ಮೂಸ/ತಟ್ಟೆ/63 (ಭಾಗ 4)
ದಿನಾಂಕ: ಫೆಬ್ರವರಿ 21

ಸುತ್ತೋಲೆ

ವಿಷಯ: ಕಡಲ ಗಾಳಿ ವಿದ್ಯುತ್ ಕರಡು ನಿಯಮಗಳ ಮೇಲೆ ಕಟೇವ್ ಕೊಲ್ಲಿಯ ಮಿಗ್‌ಮಾ ಮೂಲನಿವಾಸಿಗಳೊಂದಿಗೆ ನಡೆದ ಸಮಾಲೋಚನೆಯಲ್ಲಿ ಉತ್ತರ ಬಾಕಿ ಇರುವ ಒಂದು ತಟ್ಟೆಯ ಬಗ್ಗೆ.

ಉಲ್ಲೇಖ: 1) ಅಕ್ಟೋಬರ್ 14ರ ಸಭೆಯ ನಡಾವಳಿ. 2) ಲೆಕ್ಕ ತನಿಖಾ ಶಾಖೆಯ ಆಕ್ಷೇಪಣೆ. 3) ಕಾನೂನು ಶಾಖೆಯ ಅಭಿಪ್ರಾಯ, ಮೂರು ಸಲ.

ಪ್ರಸ್ತಾವನೆ:

ಮೇಲ್ಕಂಡ ಸಭೆಗೆ ತಗುಲಿದ ವೆಚ್ಚ ಹೀಗಿರುತ್ತದೆ: ಸಭಾಭವನದ ಬಾಡಿಗೆ 300 ಡಾಲರ್, ಹಿಟ್ಟು, ಆಲೂಗಡ್ಡೆ, ಈರುಳ್ಳಿ, ಉಪ್ಪು ಹಚ್ಚಿದ ಹಂದಿಮಾಂಸ, ಚಹಾಪುಡಿ ಸೇರಿ 412, ಅಡುಗೆಯವರ ಗೌರವಧನ 150, ಕ್ಷೇತ್ರಾಧಿಕಾರಿಯ ಪೆಟ್ರೋಲ್ 88, ಕಾಗದದ ತಟ್ಟೆ ಮತ್ತು ಲೋಟ 58. ಒಟ್ಟು 1,008 ಡಾಲರ್. ಊಟಕ್ಕೆ ಬಡಿಸಿದ ಹಾವುಮೀನಿನ ಬಾಬ್ತು ಬಿಲ್ಲು ಬಂದಿರುವುದಿಲ್ಲ. ಯಾಕೆಂದು ವಿಚಾರಿಸಲಾಗಿ, ಅದು ಕೊಲ್ಲಿಯದೇ, ಅಂಗಡಿಯದಲ್ಲ ಎಂದು ತಿಳಿದುಬಂದಿರುತ್ತದೆ.

ಹಿಂದಿನ ಸಭೆಗಳಲ್ಲಿ ಬಂದವರೆಷ್ಟು, ಬಾರದವರೆಷ್ಟು ಎಂಬ ಬಗ್ಗೆ ಜಗಳಗಳಾದ ಕಾರಣ, ಇನ್ನು ಮುಂದೆ ತಲೆಗಳನ್ನು ಎಣಿಸದೆ ತಟ್ಟೆಗಳನ್ನು ಎಣಿಸತಕ್ಕದ್ದೆಂದು ಇಲಾಖೆಯು ಈಗಾಗಲೇ ಆದೇಶಿಸಿದೆ. ಅದರಂತೆ ಊಟ ಬಡಿಸಿದ ಪ್ರತಿ ತಟ್ಟೆಯೂ ಒಬ್ಬ ಸಮಾಲೋಚಿತರೆಂದು ಭಾವಿಸತಕ್ಕದ್ದು. ಅಂದು ಬಡಿಸಿದ ತಟ್ಟೆಗಳು 63. ಪಡೆದ ಅಭಿಪ್ರಾಯಗಳು 62.

ಅರವತ್ತೆರಡು ಅಭಿಪ್ರಾಯಗಳ ಸಾರಾಂಶವು ಒಂದೇ ಆಗಿರುತ್ತದೆ: ಕೊಲ್ಲಿಯ ತಳವನ್ನು ಅಗೆಯಕೂಡದು. ಕರಡಿನ 17ನೇ ಕಲಮಿನಂತೆ ಗಾಳಿಯಂತ್ರಗಳ ವಿದ್ಯುತ್ ಕೇಬಲ್ಲನ್ನು ಯಾವುದೇ 'ಬಳಕೆಯಲ್ಲಿಲ್ಲದ' ಕೊಲ್ಲಿಯ ತಳವನ್ನು ಅಗೆದು ದಡಕ್ಕೆ ತರಬಹುದಾಗಿದೆ. ಕಟೇವ್ ಕೊಲ್ಲಿಯಲ್ಲಿ ದೋಣಿಗಳು ಕಾಣದ ಕಾರಣ ಅದು ಬಳಕೆಯಲ್ಲಿಲ್ಲವೆಂದು ನಕ್ಷೆಯಲ್ಲಿ ಗುರುತಿಸಲಾಗಿದೆ. ಸದರಿ ನಕ್ಷೆಯನ್ನು ಜನವರಿಯಲ್ಲಿ, ಇಡೀ ಊರು ಮಂಜುಗಡ್ಡೆಯ ಮೇಲೆ ನಿಂತು ತೂತು ಕೊರೆದು ಹಾವುಮೀನು ಚುಚ್ಚುತ್ತಿದ್ದಾಗ ತಯಾರಿಸಲಾಗಿತ್ತು.

ಈ ಬಗ್ಗೆ ಅಂದಿನ ಅಡುಗೆಯ ಉಸ್ತುವಾರಿ ಹೊತ್ತಿದ್ದ, ಎಪ್ಪತ್ತೆಂಟು ವರ್ಷದ ಶ್ರೀಮತಿ ಸೆಸೀಲಿಯಾ ಇಸಡೋರ್ ಅವರು ಸೌಟು ಕೆಳಗಿಡದೆ ಹೇಳಿದ್ದನ್ನು ನಡಾವಳಿಯಲ್ಲಿ ಯಥಾವತ್ತಾಗಿ ದಾಖಲಿಸಲಾಗಿದೆ:

"ಸಾಹೇಬ್ರೆ, ಚಳಿಗಾಲದಲ್ಲಿ ಹಾವುಮೀನು ಕೆಸರಲ್ಲಿ ಹೂತ್ಕೊಂಡು ಮಲಗತ್ತೆ. ನೀವು ಅದೇ ಕೆಸರು ಅಗೀತೀವಿ ಅಂತೀರಿ. ಮಲಗಿದ್ದೋರ ಹಾಸಿಗೆ ಅಗೆದ್ರೆ ಅವ್ರು ತಿರುಗಿ ಬರ್ತಾರಾ? ಮೀನು ಹೋದ್ರೆ ಫೆಬ್ರವರೀಲಿ ನಮ್ಮೂರೋರು ಏನು ತಿನ್ಬೇಕು, ನಿಮ್ಮ ಕರಡಾ? ಆ ಕಡೆ ಹಡಗಿಗೆ ಜಿಪ್ಸಮ್ ತುಂಬ್ತಿದ್ದ ಹಳೇ ಕಟ್ಟೆ ಇದೆಯಲ್ಲ, ಅಲ್ಲಿಂದ ತಗೊಂಡ್ಹೋಗಿ. ಬರೀ ಬಂಡೆ. ಅಲ್ಲಿ ಯಾರೂ ಮಲಗಲ್ಲ."

ಷರಾ: ಗಮನಿಸಲಾಗಿದೆ.

ಉಳಿದ ಅರವತ್ತೊಂದು ಅಭಿಪ್ರಾಯಗಳ ಮುಂದೆಯೂ ಇದೇ ಷರಾ ಬರೆದು ವಿಲೇವಾರಿ ಮಾಡಲಾಗಿದೆ. ಕಟೇವ್ ಕೊಲ್ಲಿಯ 63 ಸೇರಿ ಎಲ್ಲ ತಟ್ಟೆಗಳವರನ್ನೂ ಸಮಾಲೋಚಿಸಲಾಗಿದೆ ಎಂಬ ದೃಢೀಕರಣ ಪತ್ರವನ್ನು ಮಾನ್ಯ ಸಚಿವರಿಗೆ ಕಳುಹಿಸಲಾಗಿದೆ. ನೀರು ಹೆಪ್ಪುಗಟ್ಟುವ ಮೊದಲು ಅಗೆತ ಪ್ರಾರಂಭವಾಗಬೇಕಿತ್ತು.

ಅಷ್ಟರಲ್ಲಿ ಲೆಕ್ಕ ತನಿಖಾ ಶಾಖೆಯು 16 ಡಾಲರ್ ಮೌಲ್ಯದ ಒಂದು ತಟ್ಟೆಗೆ ಅಭಿಪ್ರಾಯವಿಲ್ಲವೆಂದು ಆಕ್ಷೇಪಿಸಿದ್ದರಿಂದ, ಕ್ಷೇತ್ರಾಧಿಕಾರಿ ಶ್ರೀ ಗಾರ್ಡನ್ ಮೆಕ್‌ಆಸ್ಕಿಲ್ ಅವರನ್ನು ಮರಳಿ ಊರಿಗೆ ಕಳುಹಿಸಲಾಯಿತು. ಶ್ರೀಮತಿ ಇಸಡೋರ್ ಅವರೊಂದಿಗೆ ನಡೆದ ಮಾತುಕತೆ, ಅವರ ವರದಿಯಿಂದ:

"ಅಜ್ಜೀ, ಅವತ್ತು ಹೊರಗಡೆ ಸ್ಪ್ರೂಸ್ ಮರದ ಬುಡದಲ್ಲಿ ಒಂದು ತಟ್ಟೆ ಇಟ್ಟಿದ್ರಲ್ಲ, ಅದು ಯಾರದ್ದು?"

"ನಮ್ಮ ಹಿರೀಕರ ಎಡೆ ಅದು. ಸತ್ತೋರಿಗೆ. ಅವರಿಗೆ ಇಡದೆ ನಾವು ಉಣ್ಣಲ್ಲ."

"ಎಷ್ಟು ಜನಕ್ಕೆ, ಅಜ್ಜಿ? ಬರ್ಕೋಬೇಕು."

"ಎಲ್ರಿಗೂ ಒಂದೇ ತಟ್ಟೆ. ಅವ್ರು ನಿನ್ನಂಗೆ ಮೂರು ಸಲ ಬಡಿಸ್ಕೊಳ್ಳಲ್ಲ."

ವಿಷಯವನ್ನು ಕಾನೂನು ಶಾಖೆಗೆ ಒಪ್ಪಿಸಲಾಗಿ, ತಟ್ಟೆಯನ್ನು ಲೆಕ್ಕದಿಂದ ತೆಗೆದಲ್ಲಿ ಸಚಿವರಿಗೆ ಕಳುಹಿಸಿದ ದೃಢೀಕರಣ ಪತ್ರ ಸುಳ್ಳಾಗುವುದೆಂದೂ, ಪತ್ರ ಸುಳ್ಳಾದಲ್ಲಿ ಅದರಲ್ಲಿ ಸೇರಿದ ಹದಿನಾಲ್ಕು ಊರುಗಳ ಸಮಾಲೋಚನೆಯನ್ನು ಮೊದಲಿನಿಂದ ನಡೆಸಬೇಕಾಗುವುದೆಂದೂ, ಅದಕ್ಕಿಂತ ಸತ್ತವರ ಅಭಿಪ್ರಾಯ ಪಡೆಯುವುದು ಸುಲಭವೆಂದೂ ಅಭಿಪ್ರಾಯಪಡಲಾಗಿದೆ. ಆದ ಕಾರಣ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಅರವತ್ತಮೂರನೆಯ ತಟ್ಟೆಯವರನ್ನು ಜಂಟಿ ಸಮಾಲೋಚಿತರೆಂದು ಪರಿಗಣಿಸತಕ್ಕದ್ದು. ಇವರ ಸಂಖ್ಯೆ, ವಯಸ್ಸು ಮತ್ತು ಹಾಲಿ ವಿಳಾಸದ ಅಂಕಣಗಳಲ್ಲಿ 'ಅಲ್ಲೇ' ಎಂದು ನಮೂದಿಸತಕ್ಕದ್ದು.

2. ಇವರಿಗೆ ಕಾನೂನಿನಂತೆ ಮೂರು ತಿಳುವಳಿಕೆ ಪತ್ರಗಳನ್ನು ಜಾರಿ ಮಾಡಲಾಗಿದೆ. ಮೊದಲ ಪತ್ರವನ್ನು ಅದೇ ಮರದ ಬುಡದಲ್ಲಿ, ಹಾವುಮೀನಿನ ಸಾರು ಇದ್ದ ತಟ್ಟೆಯ ಕೆಳಗೆ ಇರಿಸಲಾಗಿತ್ತು. ಮರುದಿನ ಸಾರು ಇರಲಿಲ್ಲ, ಪತ್ರ ಇತ್ತು. ಎರಡನೆಯದನ್ನು ಮಿತವ್ಯಯದ ದೃಷ್ಟಿಯಿಂದ ಬರೀ ರೊಟ್ಟಿಯೊಂದಿಗೆ ಇರಿಸಲಾಗಿತ್ತು. ರೊಟ್ಟಿ ಇರಲಿಲ್ಲ, ಪತ್ರ ಇತ್ತು. ಮೂರನೆಯದನ್ನು ಊಟವಿಲ್ಲದೆ ಇರಿಸಲಾಗಿ, ಗಾಳಿಗೆ ತಟ್ಟೆಯೇ ಹಾರಿಹೋಗಿ ಪತ್ರ ಮಾತ್ರ ಉಳಿದಿರುತ್ತದೆ. ಸಮಾಲೋಚಿತರು ಆತಿಥ್ಯವನ್ನು ಸ್ವೀಕರಿಸಿ ಕರಡನ್ನು ಓದಲು ನಿರಾಕರಿಸಿದ್ದಾರೆಂದು ಇದರಿಂದ ಕಂಡುಬರುತ್ತದೆ. ಈ ವಿಷಯದಲ್ಲಿ ಅವರು ಉಳಿದ ಅರವತ್ತೆರಡು ಮಂದಿಗಿಂತ, ಹಾಗೂ ಈ ಇಲಾಖೆಯ ಬಹುತೇಕ ಸಿಬ್ಬಂದಿಗಿಂತ, ಭಿನ್ನವಾಗಿರುವುದಿಲ್ಲ.

3. ಸಾರನ್ನು ಕಾಗೆಗಳು ಒಯ್ದಿರಬಹುದೆಂದು ಕ್ಷೇತ್ರಾಧಿಕಾರಿಯವರು ಊಹಿಸಿರುತ್ತಾರೆ. ಸದರಿ ಕಾಗೆಗಳು ಸಮಾಲೋಚಿತರ ಅಧಿಕೃತ ಪ್ರತಿನಿಧಿಗಳೇ ಎಂಬುದು ಪರಿಶೀಲನೆಯಲ್ಲಿದೆ. ತೀರ್ಮಾನವಾಗುವವರೆಗೆ ಕಟೇವ್ ಕೊಲ್ಲಿಯಲ್ಲಿ ಯಾವುದೇ ಸರ್ಕಾರಿ ನೌಕರರು ಕಾಗೆಗಳನ್ನು ಓಡಿಸಕೂಡದು, ಮತ್ತು ಅವುಗಳ ಎದುರು ಕರಡಿನ ಬಗ್ಗೆ ಹಗುರವಾಗಿ ಮಾತನಾಡಕೂಡದು.

4. ಸಮಾಲೋಚಿತರನ್ನು ಖುದ್ದಾಗಿ ಕಾಣುವ ಬಗೆಯನ್ನು ಶ್ರೀಮತಿ ಇಸಡೋರ್ ಅವರಲ್ಲಿ ವಿಚಾರಿಸಲಾಗಿರುತ್ತದೆ. ಅವರ ಹೇಳಿಕೆ:

"ನಾವು ಅರವತ್ತೆರಡು ಜನ ಬಾಯಿಬಿಟ್ಟು ಹೇಳಿದ್ದು ನಿಮಗೆ ಕೇಳಿಸ್ಲಿಲ್ಲ. ಬಾಯೇ ಬಿಡ್ದೋರ ಉತ್ರಕ್ಕೆ ಮೂರು ಸಲ ಬಂದಿದ್ದೀಯಲ್ಲಪ್ಪ! ನಾನೂ ಬೇಗ ಸತ್ರೆ ನನ್ನ ಮಾತಿಗೂ ಒಂದು ಬೆಲೆ ಬರತ್ತೆ ಅನ್ನು. ಹೂಂ, ಬಂದಿದ್ದೀಯ, ಕೂತ್ಕೋ. ಚಹಾ ಕುಡಿ. ಐಸು ಗಟ್ಟಿ ಆಗ್ಲಿ. ನಮ್ಮಪ್ಪ, ಅವರಪ್ಪ ಎಲ್ಲಿ ತೂತು ಕೊರೀತಿದ್ರೋ ಅಲ್ಲೇ ಕೊರೆದು ಈಟಿ ಹಾಕು. ಅವ್ರಿಗೆ ಹೇಳೋದೇನಾದ್ರೂ ಇದ್ರೆ ಅಲ್ಲಿ ಹೇಳ್ತಾರೆ."

ಷರಾ: ಗಮನಿಸಲಾಗಿದೆ. ಚಹಾ ಸ್ವೀಕರಿಸಲಾಗಿದೆ.

5. ಮೇಲ್ಕಂಡ ಹೇಳಿಕೆಯು ಸಮಾಲೋಚಿತರ ಇಚ್ಛೆಯ ಸ್ಥಳ ಮತ್ತು ಕಾಲವನ್ನು ತಿಳಿಸುವುದರಿಂದ ಅದನ್ನು ಪಾಲಿಸುವುದು ಇಲಾಖೆಯ ಮೇಲೆ ಕಡ್ಡಾಯವಾಗಿರುತ್ತದೆ. ಅದರಂತೆ ಕ್ಷೇತ್ರಾಧಿಕಾರಿಯವರಿಗೆ ಉದ್ದ ಹಿಡಿಯ, ಕವಲು ಮೊನೆಯ ಈಟಿಯೊಂದನ್ನು 'ಲೇಖನ ಸಾಮಗ್ರಿ' ಬಾಬ್ತಿನಲ್ಲಿ ಖರೀದಿಸಿಕೊಡಲಾಗಿದೆ.

6. ಈಟಿಯ ತರಬೇತಿಯನ್ನು ಶ್ರೀಮತಿ ಇಸಡೋರ್ ಅವರ ಸೋದರಳಿಯ ಶ್ರೀ ಲೀವೈ ಅವರು ಉಚಿತವಾಗಿ ನೀಡಿರುತ್ತಾರೆ. ತರಬೇತಿಯ ಪೂರ್ಣ ಪಾಠವನ್ನು ಎಲ್ಲ ಕ್ಷೇತ್ರ ಸಿಬ್ಬಂದಿಯ ಉಪಯೋಗಕ್ಕಾಗಿ ಇಲ್ಲಿ ಕೊಡಲಾಗಿದೆ: "ಪೆನ್ನು ಹಿಡಿದಂಗೆ ಹಿಡೀಬೇಡಿ ಸಾರ್, ಪೊರಕೆ ಹಿಡಿದಂಗೆ ಹಿಡೀರಿ. ಅಯ್ಯೋ, ಮನೇಲಿ ಪೊರಕೆನೂ ಹಿಡಿದಿಲ್ವಾ? ಸರಿ, ಮೆತ್ತಗೆ ಇಳಿಸಿ. ಕೆಸರು ಸಿಕ್ತಾ? ಈಗ ಸುಮ್ನಿರಿ. ಮಾತಾಡ್ಬೇಡಿ. ನಿಮಗೆ ಅದೇ ಕಷ್ಟ ಅಂತ ಗೊತ್ತು."

7. ಉತ್ತರ ದೊರೆಯುವ ಮುನ್ನ ಸಮಾಲೋಚನೆಯ ವಿಷಯವಸ್ತುವನ್ನು, ಅಂದರೆ ಹಾವುಮೀನನ್ನು, ಅಧಿಕಾರಿಗಳು ತಿನ್ನಕೂಡದು. ಈ ನಿಯಮವನ್ನು ಶ್ರೀ ಮೆಕ್‌ಆಸ್ಕಿಲ್ ಅವರು ಉಲ್ಲಂಘಿಸಿದ್ದು, ಕಾರಣ ಕೇಳಿ ನೋಟಿಸು ನೀಡಲಾಗಿತ್ತು. ಅಜ್ಜಿ ಹುರಿದು ಬಡಿಸಿದರೆಂದೂ, ಬೇಡವೆನ್ನುವ ಅಧಿಕಾರವನ್ನು ಯಾವ ಆದೇಶದಲ್ಲೂ ತಮಗೆ ವಹಿಸಿಕೊಟ್ಟಿಲ್ಲವೆಂದೂ ಅವರು ಸಮಜಾಯಿಷಿ ನೀಡಿರುತ್ತಾರೆ. ಸಮಜಾಯಿಷಿಯನ್ನು ಒಪ್ಪಲಾಗಿದೆ. ಎಷ್ಟು ತುಂಡು ಎಂಬ ಪ್ರಶ್ನೆಗೆ ಉತ್ತರ ಬಂದಿರುವುದಿಲ್ಲ.

8. ಎರಡು ಬಾರಿ ಬರಿಗೈಯಲ್ಲಿ ಮರಳಿದ ಕ್ಷೇತ್ರಾಧಿಕಾರಿಯವರು, ಮೂರನೆಯ ಬಾರಿ ಇಡೀ ಮಧ್ಯಾಹ್ನ ಮಂಜುಗಡ್ಡೆಯ ಮೇಲೆ ಮಂಡಿಯೂರಿ ಕುಳಿತು, ಉತ್ತರದ ಅಂಕಣದಲ್ಲಿ ತಮ್ಮ ಕೈಯಾರೆ ಹೀಗೆ ಬರೆದಿರುತ್ತಾರೆ: "ಇವೆ. ಇಲ್ಲಿ ಕೆಳಗೆ ಮಲಗಿವೆ. ಈಟಿಯ ಹಿಡಿಯಲ್ಲಿ ನನ್ನ ಅಂಗೈಗೆ ತಿಳಿಯಿತು." ಈ ಉತ್ತರದಲ್ಲಿ 'ಒಪ್ಪಿಗೆ' ಅಥವಾ 'ಆಕ್ಷೇಪಣೆ' ಎಂಬ ಪದವಿಲ್ಲದಿರುವುದರಿಂದ ಅದನ್ನು ಅಪೂರ್ಣವೆಂದು ಹಿಂದಿರುಗಿಸಲಾಗಿದೆ. ಕ್ಷೇತ್ರಾಧಿಕಾರಿಯವರು ಅದನ್ನೇ ಎರಡನೆಯ ಬಾರಿ, ಇನ್ನೂ ದಪ್ಪ ಅಕ್ಷರದಲ್ಲಿ ಬರೆದು ಕಳುಹಿಸಿರುತ್ತಾರೆ.

9. ಪೂರ್ಣ ಉತ್ತರ ಬರುವವರೆಗೆ ಸಮಾಲೋಚನೆಯನ್ನು ಮುಕ್ತಾಯಗೊಳಿಸಲು ಅವಕಾಶವಿಲ್ಲ. ಸಮಾಲೋಚನೆ ಮುಕ್ತಾಯವಾಗದೆ ಕೊಲ್ಲಿಯ ತಳಕ್ಕೆ ಗುದ್ದಲಿ ತಾಗಿಸಕೂಡದು. ಸಮಾಲೋಚಿತರಿಗೆ ಗಡುವು ವಿಧಿಸುವ ಪ್ರಸ್ತಾಪವನ್ನೂ ಪರಿಶೀಲಿಸಲಾಯಿತು. ಗಡುವು ಮೀರಿದಲ್ಲಿ ಅವರಿಗೆ ಆಗಬಹುದಾದ ತೊಂದರೆ ಏನೆಂದು ಯಾವ ಶಾಖೆಯೂ ತಿಳಿಸದ ಕಾರಣ ಪ್ರಸ್ತಾಪವನ್ನು ಕೈಬಿಡಲಾಗಿದೆ.

10. ಕೇಬಲ್ ಹಾಕುವ ಕಂಪನಿಯು ಇನ್ನು ಕಾಯಲಾಗದೆಂದು ತಿಳಿಸಿ, ಪರಿಷ್ಕೃತ ನಕ್ಷೆಯನ್ನು ಸಲ್ಲಿಸಿದೆ. ಅದರಂತೆ ಕೇಬಲ್ಲು ನೀರು ಹೆಪ್ಪುಗಟ್ಟದ, ಬರೀ ಬಂಡೆಯಿರುವ ಹಳೆಯ ಜಿಪ್ಸಮ್ ಕಟ್ಟೆಯ ಮೂಲಕ ದಡ ಸೇರುತ್ತದೆ. ಈ ಮಾರ್ಗವನ್ನು ಕಂಪನಿಯ ಪರಿಣತರು ಎಂಟು ವಾರಗಳ ಅಧ್ಯಯನದಿಂದ ಕಂಡುಹಿಡಿದಿರುತ್ತಾರೆ. ಇದೇ ಮಾರ್ಗ ಅಕ್ಟೋಬರ್ ನಡಾವಳಿಯಲ್ಲಿ ಅರವತ್ತೆರಡು ಕಡೆ ಬರೆದಿರುವುದನ್ನು ಆಕಸ್ಮಿಕವೆಂದು ಪರಿಗಣಿಸಲಾಗಿದೆ. ನಕ್ಷೆಗೆ ಅನುಮೋದನೆ ನೀಡಲಾಗಿದೆ.

11. ನೆರೆಯ ಆರು ಊರುಗಳು ತಮ್ಮೊಂದಿಗೂ ಊಟದ ಸಮೇತ ಮರುಸಮಾಲೋಚನೆ ನಡೆಸಬೇಕೆಂದು ಅರ್ಜಿ ಸಲ್ಲಿಸಿದ್ದು, ಪ್ರತಿಯೊಂದರಲ್ಲೂ ಜನಸಂಖ್ಯೆಗಿಂತ ಒಂದು ತಟ್ಟೆ ಹೆಚ್ಚಿಗೆ ಕೇಳಲಾಗಿದೆ. ಇಂತಹ ಅರ್ಜಿಗಳನ್ನು ತಿರಸ್ಕರಿಸಲಾಗಿದೆ. ಇನ್ನು ಮುಂದೆ ಸಮಾಲೋಚನಾ ಸಭೆಗಳಲ್ಲಿ ಊಟ ಇರುವುದಿಲ್ಲ. ಮುಚ್ಚಿದ ಲೋಟದಲ್ಲಿ ಚಹಾ ನೀಡಿ, ಲೋಟಗಳನ್ನು ಭವನದ ಬಾಗಿಲಿನಿಂದ ಹೊರಗೆ ಒಯ್ಯದಂತೆ ನೋಡಿಕೊಳ್ಳತಕ್ಕದ್ದು.

ಈ ಸುತ್ತೋಲೆಯನ್ನು ಅರ್ಥವಾದವರೂ ಆಗದವರೂ ಒಂದೇ ಸಮನಾಗಿ ಪಾಲಿಸತಕ್ಕದ್ದು.

(ಸಹಿ ಓದಲು ಬರುವುದಿಲ್ಲ)
ಉಪ ನಿರ್ದೇಶಕರು, ಬಾಕಿ ಉತ್ತರಗಳ ಶಾಖೆ

ಪ್ರತಿಗಳು:

1. ಮಾನ್ಯ ಸಚಿವರ ಆಪ್ತ ಕಾರ್ಯದರ್ಶಿಯವರಿಗೆ, ದೃಢೀಕರಣ ಪತ್ರವನ್ನು ತೆರೆಯದಿರುವ ಕೋರಿಕೆಯೊಂದಿಗೆ.
2. ಕಾನೂನು ಶಾಖೆಗೆ, ಕಾಗೆಗಳ ಕಡತವನ್ನು ತ್ವರಿತವಾಗಿ ಮಂಡಿಸಲು.
3. ಶ್ರೀ ಮೆಕ್‌ಆಸ್ಕಿಲ್ ಅವರಿಗೆ. ಈಟಿಯನ್ನು ಉಗ್ರಾಣಕ್ಕೆ ಹಿಂದಿರುಗಿಸುವಂತೆ ಇದು ಎರಡನೆಯ ಜ್ಞಾಪನ. ಶನಿವಾರಗಳಂದು ಅವರು ಅದರೊಂದಿಗೆ ಕೊಲ್ಲಿಯಲ್ಲಿ ಕಂಡುಬರುತ್ತಿರುವುದಾಗಿ ತಿಳಿದಿದೆ.
4. ಶ್ರೀಮತಿ ಸೆಸೀಲಿಯಾ ಇಸಡೋರ್ ಅವರಿಗೆ, ಮಾಹಿತಿಗಾಗಿ.
5. ಅರವತ್ತಮೂರನೆಯ ತಟ್ಟೆಯವರಿಗೆ, ಸಾರಿನ ಸಮೇತ.
6. ಲೆಕ್ಕ ತನಿಖಾ ಶಾಖೆಗೆ, ಲಾಭನಷ್ಟದ ಅಂಕಣ ತುಂಬಲು: ಇಲಾಖೆಗೆ ಒಂದು ಚಳಿಗಾಲ ಮತ್ತು 1,008 ಡಾಲರ್ ಹೋಗಿದೆ. 17ನೇ ಕಲಮು ಬದಲಾಗಿಲ್ಲ. ಕಟೇವ್ ಕೊಲ್ಲಿ ಉಳಿದಿದೆ. ನೆರೆಯ ಆರು ಕೊಲ್ಲಿಗಳು ನಕ್ಷೆಯಲ್ಲಿ ಇನ್ನೂ 'ಬಳಕೆಯಲ್ಲಿಲ್ಲ'.